ಹೇಳಿಕೊಟ್ಟ ಉತ್ತರಗಳು

ಕೋಟಿನ ಒಳಬಟ್ಟೆಯ ಹೊಲಿಗೆಯನ್ನು ಅರ್ಧ ಬಿಚ್ಚಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಕಾಯುತ್ತಿದ್ದಳು. ಬೆಳಗಿನಿಂದ ಇದು ಐದನೆಯ ವಕೀಲರ ಕಚೇರಿ. ಮೊದಲನೆಯವರು ಜಮೀನಿನ ವ್ಯಾಜ್ಯ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಎರಡನೆಯವರು ಅವಳ ಮಾತು ಮುಗಿಯುವ ಮೊದಲೇ, "ವಿಚ್ಛೇದನ ತಾನೇ?" ಎಂದಿದ್ದರು. "ಮದುವೆನೇ ಆಗಿಲ್ಲ ಸಾರ್, ಯಾರಿಂದ ತಗೊಳ್ಳಲಿ?" ಎಂದು ಇವಳು ಫೋನಿಟ್ಟಿದ್ದಳು. ಮೂರನೆಯವರ ಕಚೇರಿಗೆ ಎರಡು ಬಸ್ಸು ಬದಲಿಸಬೇಕು. ಕೆಲಸದ ನಡುವೆ ಗಂಟೆಗೊಮ್ಮೆ ಪಕ್ಕದ ಬೀದಿಯ ಮನೆಗೆ ಹೋಗಿ ನೋಡಿಬರುತ್ತಿದ್ದ ಅಕ್ಕನನ್ನು ಅಷ್ಟು ಹೊತ್ತು ಒಬ್ಬಳನ್ನೇ ಬಿಡುವ ಹಾಗಿಲ್ಲ. ನಾಲ್ಕನೆಯವರು ಫೋನೇ ಎತ್ತಲಿಲ್ಲ.

"ಹೇಳೀಮ್ಮ," ಎಂದಿತು ಕೊನೆಗೊಂದು ದನಿ.

"ನಮ್ಮಕ್ಕನಿಗೆ ಮರೆವಿನ ಕಾಯಿಲೆ. ನಾನೇ ಅವಳ ಗಾರ್ಡಿಯನ್ ಅಂತ ಕೋರ್ಟಿಂದ ಕಾಗದ ಬೇಕಿತ್ತು."

"ವಯಸ್ಸೆಷ್ಟು?"

"ಅರವತ್ತೆಂಟು."

"ನಾವು ಬರೀ ಮಕ್ಕಳ ಕೇಸ್ ನೋಡೋದು."

ಅವಳು ಫೋನ್ ಕೆಳಗಿಟ್ಟು ಮತ್ತೆ ಕತ್ತರಿ ಎತ್ತಿಕೊಂಡಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂಭಾಗದಲ್ಲಿ ಅವಳದೊಂದು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ಸಾಲು ಮೊಳೆ. ರಿಪೇರಿಗೆ ಬಂದ ಬಟ್ಟೆಗಳೆಲ್ಲ ಅಲ್ಲಿ ತೂಗುತ್ತಿದ್ದವು. ಹಾಗೆ ತೂಗುತ್ತಿದ್ದ ಒಂದು ಕಪ್ಪು ಗೌನನ್ನು ಒಯ್ಯಲು ಬಂದ ಹೆಂಗಸು ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಲ್ಲ ಟೈಲರಮ್ಮ, ಆರು ವರ್ಷದಿಂದ ನನ್ನ ಗೌನಿಗೆ ತೋಳು ಹಚ್ಚಿಕೊಡ್ತಾ ಇದ್ದೀರ. ವಕೀಲೆ ನಿಮ್ಮ ಮೊಳೆಗೇ ನೇತಾಡ್ತಾ ಇದ್ದಾಳೆ, ನೀವು ಊರೆಲ್ಲ ಹುಡುಕ್ತೀರಲ್ಲ!"

ಇವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಗೌನಿನ ಹರಿದ ತೋಳಷ್ಟೇ ಅವಳಿಗೆ ಗೊತ್ತಿತ್ತು. ಅದನ್ನು ತೊಟ್ಟವರನ್ನೇ ಕೇಳಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಲಾಯರಮ್ಮ ಸ್ಟೂಲೆಳೆದು ಕೂತೇಬಿಟ್ಟಳು. ಇವಳು ಹೇಳುತ್ತ ಹೋದಳು. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದು ಗಟ್ಟಿಯಾಗುತ್ತಿದೆ. ಇನ್ನೂ ತಡಮಾಡಿದರೆ ದೃಷ್ಟಿಯೇ ಹೋಗುತ್ತದೆಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಆದರೆ ಆಪರೇಷನ್ನಿಗೆ ಒಪ್ಪಿಗೆಯ ಸಹಿಯನ್ನು ಅಕ್ಕನೇ ಹಾಕಬೇಕು, ಇಲ್ಲವೇ ಕಾನೂನು ಪ್ರಕಾರ ಗಾರ್ಡಿಯನ್ ಆದವರು. ಅಕ್ಕ ಶಾಲೆಯಲ್ಲಿ ಹೆಡ್‌ಮೇಡಂ ಆಗಿದ್ದವಳು. ಆಸ್ಪತ್ರೆಯ ಕಾಗದವನ್ನು ಕೈಗೆ ಕೊಟ್ಟರೆ ಮಂಜುಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಅಡ್ಡಗೆರೆ ಎಳೆದು, ಹತ್ತಕ್ಕೆ ನಾಲ್ಕು ಅಂಕ ಹಾಕಿ ಹಿಂದಿರುಗಿಸಿದ್ದಳು.

ಲಾಯರಮ್ಮ ಜೋರಾಗಿ ನಕ್ಕಳು. "ನಾಲ್ಕಾದ್ರೂ ಕೊಟ್ಟರಲ್ಲ! ಬೇರೆ ಯಾರಿದ್ದಾರೆ ಮನೇಲಿ?"

"ಅಣ್ಣ ಇದ್ದಾನೆ, ದೂರದಲ್ಲಿ. ನಿನಗೆ ಹೇಗನ್ಸುತ್ತೋ ಹಾಗೆ ಮಾಡು ಅಂತಾನೆ. ತಿಂಗಳಿಗೊಂದು ಸಲ ಫೋನ್ ಮಾಡಿ, ಅಕ್ಕ ಹೇಗಿದ್ದಾಳೆ ಅಂತ ಕೇಳ್ತಾನೆ."

"ನೀವು ಹೇಗಿದ್ದೀರ ಅಂತ ಕೇಳ್ತಾರಾ?"

ಇವಳು ಬಿಚ್ಚಿದ ದಾರದ ತುಣುಕುಗಳನ್ನು ಮೇಜಿನಿಂದ ಗುಡಿಸತೊಡಗಿದಳು.

ಕೆಲಸ ಅವಳು ಅಂದುಕೊಂಡದ್ದಕ್ಕಿಂತ ಬೇಗ ನಡೆಯಿತು. ಅಣ್ಣ ತಕರಾರಿಲ್ಲವೆಂದು ಬರೆದು ಕಳಿಸಿದ. ಅರ್ಜಿ ಒಳಗೆ ಹೋಯಿತು. ಇನ್ನು ಕೋರ್ಟು ಹೇಳಿದ ಡಾಕ್ಟರು ಮನೆಗೆ ಬಂದು, ಅಕ್ಕನನ್ನು ನೋಡಿ, ವರದಿ ಬರೆಯುವುದೊಂದು ಬಾಕಿ.

ಅಲ್ಲಿಯೇ ಅವಳು ಎಡವಿದ್ದು.

ಡಾಕ್ಟರು ಬರಲು ಹತ್ತು ದಿನವಿತ್ತು. ಅವರೆಲ್ಲ ಕೇಳುವ ಪ್ರಶ್ನೆಗಳು ಅವಳಿಗೆ ಬಾಯಿಪಾಠ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅವನ್ನೇ ಕೇಳುತ್ತ ಬಂದಿದ್ದರು. ದಿನಾ ಸಂಜೆ ಅಕ್ಕನ ತಲೆ ಬಾಚುತ್ತ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಕೇಳುತ್ತಿದ್ದಳು. ನಿನ್ನ ಹೆಸರೇನು? ಇದು ಯಾರ ಮನೆ? ನಿನಗೆಷ್ಟು ಜನ ಒಡಹುಟ್ಟಿದವರು? ತಪ್ಪಿದರೆ ಹೇಳಿಕೊಡುತ್ತಿದ್ದಳು. ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: ನಾನ್ಯಾರು?

"ಗುಬ್ಬಿ. ನನ್ನ ತಂಗಿ."

ಹೀಗೇಕೆ ಮಾಡುತ್ತಿದ್ದೇನೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಅಮ್ಮ ಹೋದಾಗ ಇವಳಿಗೆ ಒಂಬತ್ತು ವರ್ಷ. ಮಗ್ಗಿ ಕಲಿಸಿದ್ದು, ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಆ ಅಕ್ಕ ಯಾರೋ ಒಬ್ಬನ ಮುಂದೆ ಫೇಲಾಗಿ ತಲೆತಗ್ಗಿಸಿ ಕೂರುವುದನ್ನು ಅವಳು ನೋಡಲಾರಳು. ಅದಲ್ಲದೆ, ಆ ಅರ್ಧ ಗಂಟೆ ಬಿಟ್ಟರೆ ಮನೆಯಲ್ಲಿ ಇಬ್ಬರ ನಡುವೆ ಮಾತೆಂಬುದೇ ಉಳಿದಿರಲಿಲ್ಲ.

ಡಾಕ್ಟರು ಬಂದ ದಿನ ಇಸ್ತ್ರಿ ಮಾಡಿದ ಸೀರೆ ಉಡಿಸಿದಳು. ಕುರ್ಚಿಯ ಪಕ್ಕದಲ್ಲೇ ನಿಂತಳು. ಅಕ್ಕ ಪ್ರತಿ ಪ್ರಶ್ನೆಗೂ ಇವಳತ್ತ ಒಮ್ಮೆ ಮುಖ ತಿರುಗಿಸಿ, ಗಂಟೆ ಹೊಡೆದಂತೆ ಉತ್ತರಿಸಿದಳು. ಡಾಕ್ಟರು ಅವಸರದಲ್ಲಿದ್ದರು. ಇಪ್ಪತ್ತು ನಿಮಿಷದಲ್ಲಿ ಎದ್ದು, "ಪರವಾಗಿಲ್ವೇ, ಚುರುಕಾಗಿದ್ದಾರೆ" ಎಂದರು. ಇವಳು ತಾನೇ ಪಾಸಾದವಳಂತೆ ಬೀಗಿದಳು.

ನಾಲ್ಕನೆಯ ದಿನ ಲಾಯರಮ್ಮ ಅಂಗಡಿಗೆ ಬಂದು ಮೇಜಿನ ಮೇಲೆ ವರದಿಯನ್ನು ಕುಕ್ಕಿದಳು.

"ಏನ್ರೀ ಇದು? ಇವರಿಗೆ ಎಲ್ಲ ತಿಳಿಯುತ್ತೆ, ಗಾರ್ಡಿಯನ್ ಅಗತ್ಯ ಕಾಣಲ್ಲ ಅಂತ ಬರೆದಿದ್ದಾರೆ! ಪಾಠ ಹೇಳಿಕೊಟ್ರಾ?"

ಇವಳು ವರದಿಯ ಮುದುರಿದ ಅಂಚನ್ನು ಬೆರಳಿನಿಂದ ಸರಿಮಾಡತೊಡಗಿದಳು.

"ಟೈಲರಮ್ಮ, ನಿಮ್ಮನ್ನೇ ಕೇಳ್ತಿರೋದು."

"ಸ್ವಲ್ಪ."

"ಸ್ವಲ್ಪ! ಕೇಸ್ ಗೆಲ್ಲಿಸಿ ಅಂತ ನನ್ನ ಕೈಗೆ ಕೊಟ್ಟು, ಅಲ್ಲಿ ನೀವೇ ಎದುರು ಪಾರ್ಟಿ ವಕೀಲರಾಗಿ ನಿಂತ್ರಲ್ಲ! ಅವರಿಗೆ ಕಣ್ಣು ಬೇಕೋ, ಅಂಕ ಬೇಕೋ?"

ಒಳಗೆ ಇಸ್ತ್ರಿ ಹಾಕುತ್ತಿದ್ದವನು ಕೈ ನಿಲ್ಲಿಸಿ ಇತ್ತ ನೋಡಿದ. ಲಾಯರಮ್ಮ ದನಿ ತಗ್ಗಿಸಿದಳು. ಇನ್ನೊಬ್ಬ ಡಾಕ್ಟರನ್ನು ಕಳಿಸಿರೆಂದು ಕೇಳಿಕೊಳ್ಳುವುದಾಗಿ, ನಡೆದದ್ದನ್ನು ನಡೆದ ಹಾಗೇ ಕೋರ್ಟಿಗೆ ತಿಳಿಸುವುದಾಗಿ ಹೇಳಿದಳು. "ಈ ಸಲ ಅವರು ಹೇಗಿದ್ದಾರೋ ಹಾಗೇ ಇರ್ಲಿ. ನೀವು ಆ ಕೋಣೆಯಲ್ಲಿ ಇರಕೂಡದು. ಆಯ್ತಾ?"

ಎರಡನೆಯ ಡಾಕ್ಟರಿಗಾಗಿ ಮೂರು ವಾರ ಕಾಯಬೇಕಾಯಿತು. ಆ ಮೂರು ವಾರವೂ ಅವಳು ಸಂಜೆ ಅಕ್ಕನ ತಲೆ ಬಾಚಿದಳು, ಏನನ್ನೂ ಕೇಳಲಿಲ್ಲ. ಮೊದಮೊದಲು ಅಕ್ಕ ಬೆನ್ನು ನೆಟ್ಟಗೆ ಮಾಡಿ ಕಾಯುತ್ತಿದ್ದಳು. ಆಮೇಲೆ ಅದೂ ನಿಂತಿತು. ಬಾಚಣಿಗೆ ಕೂದಲಿನಲ್ಲಿ ಇಳಿಯುವ ಸದ್ದು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು, ಅಷ್ಟೇ. ಅಣ್ಣನ ಫೋನು ಬಂದಾಗ, "ಚೆನ್ನಾಗಿದ್ದಾಳೆ" ಎಂದಳು.

ಈ ಸಲ ಬಂದದ್ದು ಒಬ್ಬ ಹೆಂಗಸು, ನಿಧಾನದ ಡಾಕ್ಟರು. ಇವಳು ಬಾಗಿಲೆಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಒಳಗಿನ ದನಿಗಳು ಕೇಳುತ್ತಿದ್ದವು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಅಕ್ಕ ನಕ್ಕಳು. ಒಮ್ಮೆ ತುಂಬ ಹೊತ್ತು ಯಾವ ಸದ್ದೂ ಬರಲಿಲ್ಲ. ಎದ್ದು ಬಾಗಿಲಿಗೆ ಕಿವಿಗೊಡಲೇ ಎಂದುಕೊಂಡು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತೇ ಇದ್ದಳು. ಒಂದೂವರೆ ಗಂಟೆಯ ಮೇಲೆ ಹೊರಬಂದ ಡಾಕ್ಟರು ಅವಳ ಭುಜ ಮುಟ್ಟಿ ಇಳಿದುಹೋದರು. ಆ ಮುಟ್ಟಿದ್ದು ಅವಳಿಗೆ ಬೇಡವಾಗಿತ್ತು.

ವಾರದ ಬಳಿಕ ಲಾಯರಮ್ಮ ಕಾಗದಗಳ ಸಮೇತ ಬಂದಳು.

"ಈ ಸಲ ವರದಿ ಚೆನ್ನಾಗಿದೆ," ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಂದ್ರೆ, ಕೇಸಿಗೆ. ಸೋಮವಾರ ಆರ್ಡರ್ ಆಗಬಹುದು. ಮೂರನೇ ಪುಟದಲ್ಲಿ ಕೇಳಿದ್ದು, ಹೇಳಿದ್ದು ಎಲ್ಲ ಇದೆ. ಓದಿ, ಓದಿದ್ದೀನಿ ಅಂತ ಕೆಳಗೆ ಸಹಿ ಹಾಕಿ." ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಾತಾಡುತ್ತ ಅಂಗಡಿಯ ಮುಂಭಾಗಕ್ಕೆ ಹೋದಳು.

ಇವಳು ಪುಟ ತಿರುವಿದಳು. ಹೆಸರು ಕೇಳಿದ್ದಕ್ಕೆ ಅಕ್ಕ ಶಾಲೆಯ ಹೆಸರು ಹೇಳಿದ್ದಳು. ಮನೆ ಯಾರದೆಂದರೆ, ಅಮ್ಮ ಬಂದು ಹೇಳುತ್ತಾಳೆ ಎಂದಿದ್ದಳು. ಒಂದೊಂದೇ ಸಾಲು ಇಳಿಯುತ್ತ ಏಳನೆಯದಕ್ಕೆ ಬಂದಳು. "ದಿನವೂ ನಿಮ್ಮ ಜೊತೆಯಲ್ಲಿರುವ ಹೆಂಗಸು ಯಾರು?"

ಅದರ ಕೆಳಗಿನ ಸಾಲು ಕಣ್ಣಿಗೆ ಬೀಳುವ ಮೊದಲೇ ಅವಳ ಅಂಗೈ ಅದರ ಮೇಲೆ ಬಿತ್ತು.

ಉತ್ತರ ಉದ್ದವಾಗಿತ್ತು, ಅಂಗೈಯ ಆಚೆಗೂ ಶಾಯಿ ಇಣುಕುತ್ತಿತ್ತು. ಗುಬ್ಬಿ ಎಂದು ಬರೆಯಲು ಅಷ್ಟು ಜಾಗ ಬೇಡ. ಆದರೆ ಅಕ್ಕ ಯಾವಾಗಲೂ ಒಂದು ಮಾತಿಗೆ ಹತ್ತು ಮಾತು ಹೇಳುವವಳು. ಗುರುತಿಸಿರಲೂಬಹುದು, ಗುರುತಿಸದೆಯೂ ಇರಬಹುದು. ಅಂಗೈ ಬೆವರಿ ಕಾಗದಕ್ಕೆ ಅಂಟಿಕೊಂಡಿತ್ತು. ಅದನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಪುಟದ ಬುಡದಲ್ಲಿ ಸಹಿ ಹಾಕಿದಳು.

"ಓದಿದ್ರಾ?" ಲಾಯರಮ್ಮ ಹಿಂದಿರುಗಿ ಬಂದಿದ್ದಳು.

"ಓದಿದೆ."

ಲಾಯರಮ್ಮ ಅವಳ ಮುಖವನ್ನೇ ನೋಡುತ್ತ, "ಮನಸ್ಸಿಗೆ ಹಚ್ಚಿಕೋಬೇಡಿ" ಎಂದಳೋ, ಎನ್ನಲು ಬಾಯಿ ತೆರೆದಳೋ. ಇವಳು ನಡುವೆಯೇ, "ಕಣ್ಣಿನ ಡಾಕ್ಟರ ಹತ್ರ ಆಪರೇಷನ್ನಿಗೆ ದಿನ ಕೇಳಲಾ?" ಎಂದಳು.

"ಧಾರಾಳವಾಗಿ ಕೇಳಿ. ಸೋಮವಾರದ ನಂತರದ್ದು."

ಅವಳು ಆಸ್ಪತ್ರೆಯ ನಂಬರು ಒತ್ತಿದಳು. ಆ ಕಡೆ ರಿಂಗಾಗುತ್ತಿರುವಾಗ ಅವಳಿಗೆ ಕಂಡದ್ದು ಕಣ್ಣಿನ ಪಟ್ಟಿ ಬಿಚ್ಚುವ ದಿನ. ಅಕ್ಕ ರೆಪ್ಪೆ ಬಡಿಯುತ್ತ, ಎಷ್ಟೋ ದಿನದ ಮೇಲೆ ಎದುರಿನ ಮುಖವನ್ನು ಸ್ಪಷ್ಟವಾಗಿ ನೋಡುತ್ತಾಳೆ. ಡಾಕ್ಟರು, ನರ್ಸು, ಎಲ್ಲರೂ ಕೇಳುವುದು ಅದನ್ನೇ: ಇವರು ಯಾರು ಹೇಳಿ ನೋಡೋಣ. ಅವರು ಬಾಯಿ ತೆರೆಯುವ ಮೊದಲೇ ತಾನು ಮುಂದೆ ಬಂದು, "ಅಕ್ಕಾ, ನಾನು ಗುಬ್ಬಿ, ನಿನ್ನ ತಂಗಿ" ಎನ್ನಬೇಕು. ಮರುದಿನ ಬೆಳಿಗ್ಗೆಯೂ ಹಾಗೇ. ಅದರ ಮರುದಿನವೂ. ಹೇಳುವುದು ಮಾತ್ರ, ಕೇಳುವುದು ಇನ್ನಿಲ್ಲ.

"ಹೇಳಿ, ಯಾರ ಹೆಸರಲ್ಲಿ ಬರ್ಕೊಳ್ಳಲಿ?" ಎಂದಿತು ಫೋನು.

ಅವಳು ಅಕ್ಕನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು.