ಉಡುವವರ ಹೆಸರು

ಕೊಳ್ಳೇಗಾಲ ಅಂದ ತಕ್ಷಣ ಮೈಸೂರಿನ ಕಡೆಯವರು ಹುಬ್ಬು ಕುಣಿಸಿ, ಮಾಟವೋ ಮಂತ್ರವೋ ಎಂದು ಕೇಳುತ್ತಾರೆ. ಅವರ ಬಾಯಿಗಿಷ್ಟು ಮಣ್ಣು ಹಾಕ. ನಿಂಬೆಹಣ್ಣು ಕೊಯ್ದಿಡುವವರು ಯಾವ ಊರಲ್ಲಿಲ್ಲ ಹೇಳಿ? ನೇಕಾರರ ಬೀದಿಯಲ್ಲಿ ಅದಕ್ಕೆಲ್ಲ ಪುರುಸೊತ್ತೇ ಇರಲಿಲ್ಲ. ಬೆಳಗಾದರೆ ಗಂಡಸರು ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂರುವರು. ಹೆಂಗಸರು ರಾಟೆಯ ಮುಂದೆ ನೂಲು ಸುತ್ತುತ್ತ ಕೂರುವರು. ಆ ಬೀದಿಯಲ್ಲಿ ಇದ್ದದ್ದು ಒಂದೇ ಒಂದು ಶಾಸ್ತ್ರ, ಅದೂ ನೇಯ್ಗೆಗೆ ಸಂಬಂಧಪಟ್ಟದ್ದು.

ಹೊಸ ಹಾಸು, ಅಂದರೆ ಉದ್ದೆಳೆಗಳ ನೂಲು, ಮಗ್ಗಕ್ಕೇರಿದಾಗ, ಮೊದಲ ಲಾಳಿ ಓಡುವ ಮುಂಚೆ, ಮನೆಯ ಹೆಂಗಸು ಅಂಚಿನ ಒಂದು ಎಳೆಗೆ ಅರಿಶಿನ ಹಚ್ಚಿ, ಆ ಬಟ್ಟೆ ಉಡುವವಳ ಹೆಸರು ಹೇಳಬೇಕು. ಮದುವೆ ಸೀರೆಯಾದರೆ ಮದುಮಗಳ ಹೆಸರು. ಅಂಗಡಿಗೆ ಹೋಗುವ ಸೀರೆಯಾದರೆ ಯಾರು ಉಡುತ್ತಾರೋ ಯಾರು ಕಂಡರು, ಅದಕ್ಕೆ ಮನೆಮಗಳ ಹೆಸರು. ಉಟ್ಟವಳು ಎಲ್ಲೋ ತಣ್ಣಗಿದ್ದರೆ ಹೆಸರಿನವಳೂ ಇಲ್ಲಿ ತಣ್ಣಗಿರುತ್ತಾಳೆ ಎಂಬುದು ನಂಬಿಕೆ. ಹಾಸು ಮುಗಿದಾಗ ನೂಲನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಹಾಗಾಗಿ ಮಗ್ಗದ ನೂಲು ತಲೆಮಾರಿನಿಂದ ತಲೆಮಾರಿಗೆ ಒಂದೇ. ಹಸೆಗೇರುವ ಮೊದಲೇ ಮದುಮಗಳು ತೀರಿಹೋದರೆ, ಮಗ್ಗದ ಮೇಲಿರುವ ಎಳೆಗೆ ಮತ್ತೆ ಅರಿಶಿನ ಹಚ್ಚಿ ಬೇರೆ ಹೆಸರು ಹೇಳುವುದೂ ಉಂಟು. ಹೊಸ ಹೆಸರು ನೂಲು ಹಿಡಿದು ಹಿಂದಕ್ಕೆ ಓಡಿ, ಹಳೆಯ ಹೆಸರಲ್ಲಿ ನೇಯ್ದು ಕೊಟ್ಟ ಬಟ್ಟೆಯನ್ನೂ ಮುಟ್ಟುತ್ತದಂತೆ. ಇದನ್ನೆಲ್ಲ ಮಹದೇವಮ್ಮನಿಗೆ ಹೇಳಿಕೊಟ್ಟವಳು ಅವಳ ಅತ್ತೆ. ಅತ್ತೆ ಕಣ್ಣು ಮುಚ್ಚಿದ ಮೇಲೆ ಅರಿಶಿನದ ಬಟ್ಟಲು ಮಹದೇವಮ್ಮನ ಕೈಗೆ ಬಂದಿತ್ತು.

ಅವಳ ಗಂಡ ಹೊನ್ನಯ್ಯ ಕೈಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಜಿಪುಣ. ಇದ್ದವಳು ಒಬ್ಬಳೇ ಮಗಳು, ಶಂಕರಿ. ಬೇರೆ ಮನೆಗಳಲ್ಲಿ ಹೆಣ್ಣುಮಕ್ಕಳು ರಾಟೆ ಬಿಟ್ಟು ಏಳುತ್ತಿರಲಿಲ್ಲ. ಮಹದೇವಮ್ಮ ಕೂಡ ಹುಟ್ಟಿದ ಲಾಗಾಯ್ತು ಮಗ್ಗದಲ್ಲಿ ಕೂತವಳಲ್ಲ. ಶಂಕರಿ ಮಾತ್ರ ಅಪ್ಪನಿಗೆ ಸೊಂಟ ಹಿಡಿದಾಗಲೆಲ್ಲ ಕುಣಿಗಿಳಿದು ಕೂರುವಳು. ಲಾಳಿಯನ್ನು ಪಕ್ಕದಿಂದ ಪಕ್ಕಕ್ಕೆ ಓಡಿಸುವ ಹಗ್ಗವನ್ನು ಅವಳು ಎಳೆಯುವ ಬಿರುಸಿಗೆ ಬೀದಿಯ ಗಂಡಸರೇ ತಿರುಗಿ ನೋಡಬೇಕು. ಗಂಡುಬೀರಿ ಎಂದು ಮಹದೇವಮ್ಮ ಬಯ್ಯುವಳು, ಒಳಗೊಳಗೇ ಹೆಮ್ಮೆಪಡುವಳು. ಯಳಂದೂರಿನ ಕಡೆಯ ಗಂಡು ನೋಡಿ ಒಪ್ಪಿ ಹೋಗಿತ್ತು. ಮಾಘ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು.

ಕೊಳ್ಳೇಗಾಲ ಕೊಯಮತ್ತೂರಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ರೇಷನ್ ಅಂಗಡಿಯ ಮುಂದೆ ಜೋಳಕ್ಕೆ ಸಾಲು ನಿಲ್ಲುವಾಗ ರೇಷ್ಮೆ ಸೀರೆ ಕೇಳುವವರು ಯಾರು? ಅಂಥದ್ದರಲ್ಲಿ ಸತ್ಯಮಂಗಲದ ಕಡೆಯ ಸಾಹುಕಾರ ಚಿನ್ನಸ್ವಾಮಿ, ನೂಲು ಕೊಟ್ಟು ಬಟ್ಟೆ ಒಯ್ಯುವವನು, ಸರ್ಕಾರದ ಕೆಲಸ ಹಿಡಿದು ಬಂದ. ಜರಿಯಿಲ್ಲ, ಸೆರಗಿಲ್ಲ, ಬಣ್ಣವಿಲ್ಲ. ದಪ್ಪ ನೂಲಿನ ಬೋಳು ರೇಷ್ಮೆ, ಎಷ್ಟು ನೇಯ್ದರೂ ಬೇಕು. ಇದನ್ನು ಉಡುವವರು ಯಾರು ಎಂದು ಮಹದೇವಮ್ಮ ಕೇಳಿದಳು. ಚಿನ್ನಸ್ವಾಮಿ ನಕ್ಕ.

"ಸರ್ಕಾರ ಉಡ್ತದಮ್ಮ," ಎಂದ.

ಅರಿಶಿನದ ಬಟ್ಟಲು ಹಿಡಿದು ಅವಳು ಒಂದು ಗಳಿಗೆ ನಿಂತಳು. ಹೆಸರು ಹೇಳದೆ ಲಾಳಿ ಓಡಿಸುವುದು ಆ ಮನೆಯಲ್ಲಿ ನಡೆದದ್ದೇ ಇಲ್ಲ. ಅಂಗಡಿ ಸೀರೆಗೆ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದುದನ್ನೇ ಹೇಳಿದಳು: ಇದು ನಮ್ಮ ಶಂಕರಿ ಉಡೋದು. ಆಮೇಲೆ ಎದ್ದು ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಒಂದಾದ ಮೇಲೊಂದು ಹಾಸು ಏರಿತು, ಇಳಿಯಿತು. ಪ್ರತಿ ಸಲವೂ ಅದೇ ಅರಿಶಿನ, ಅದೇ ಹೆಸರು. ಒಂದು ದಿನ ಬೀದಿಗೆ ಕಾರು ಬಂತು. ಚಿನ್ನಸ್ವಾಮಿಯ ಜೊತೆ ಸರ್ಕಾರದ ಒಬ್ಬ ಆಫೀಸರು, ಅವರ ಹಿಂದೆ ಕರಿಕನ್ನಡಕದ ಒಬ್ಬ ಪರದೇಶಿ. ಹೊನ್ನಯ್ಯ ಜಗಲಿಯ ಮೇಲೆ ಚಾಪೆ ಹಾಸಿದ. ಆಫೀಸರು ಒಳ್ಳೆಯ ಮನುಷ್ಯ, ಮಜ್ಜಿಗೆ ಕುಡಿದು ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ಸರ್ಕಾರ ಈಗ ಫಿರಂಗಿಗಳನ್ನು ಹೊರದೇಶಕ್ಕೆ ಮಾರುತ್ತದೆ, ಇವರ ರಾಜ ಕೊಳ್ಳುತ್ತಾನೆ. ಫಿರಂಗಿಯ ಗುಂಡು ಹಾರಿಸಲು ತುಂಬುವ ಮದ್ದಿಗೆ ಚೀಲ ಬೇಕು. ಹತ್ತಿಯ ಚೀಲವಾದರೆ ಒಳಗೆ ಕೆಂಡ ಉಳಿದು ಮುಂದಿನ ಮದ್ದು ತುಂಬುವವನ ಕೈ ಹಾರಿಹೋಗುತ್ತದೆ. ರೇಷ್ಮೆ ಹಾಗಲ್ಲ, ಏನೂ ಉಳಿಸದೆ ಉರಿದುಹೋಗುತ್ತದೆ. ಹೊನ್ನಯ್ಯನ ಬಟ್ಟೆ ಎಲ್ಲಕ್ಕಿಂತ ಚೆನ್ನಾಗಿ ಹೋಗುತ್ತದಂತೆ, ಅದನ್ನು ತೋರಿಸಲಿಕ್ಕೇ ಈ ದೊರೆಯನ್ನು ಕರೆತಂದದ್ದು.

ಪರದೇಶಿ ಯಾರ ಜೊತೆ ಯುದ್ಧ ಮಾಡುತ್ತಾನೆ ಎಂದು ಹೊನ್ನಯ್ಯ ಕೇಳಿದ. ಯುದ್ಧವೇನಿಲ್ಲ, ಅವರದೇ ಗುಡ್ಡದ ಊರುಗಳು ಕಂದಾಯ ಕೊಡದೆ ತಿರುಗಿಬಿದ್ದಿವೆ ಎಂದರು ಆಫೀಸರು. ಹಾಗೆ ಹೇಳುತ್ತಲೇ ಬಟ್ಟೆಯ ತುಂಡೊಂದರಲ್ಲಿ ಚಿಟಿಕೆ ಮದ್ದು ಕಟ್ಟಿ, ಮನೆಯ ಹಿತ್ತಾಳೆ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ಭಗ್ ಅಂದಿತು, ಅಷ್ಟೆ. ತಟ್ಟೆಯಲ್ಲಿ ಒಂದು ಕಿಡಿಯೂ ಇರಲಿಲ್ಲ. ಪರದೇಶಿ ತಟ್ಟೆಗೆ ಅಂಗೈ ಇಟ್ಟು ನೋಡಿ ನಕ್ಕ.

ಒಳಗೆ ರಾಟೆಯ ಮುಂದಿದ್ದ ಶಂಕರಿ ಎದೆ ಹಿಡಿದುಕೊಂಡು ಬಗ್ಗಿದ್ದಳು. ಉರಿ ಕಣವ್ವ, ಎಂದಳು. ಮಹದೇವಮ್ಮ ತಲೆ ನೇವರಿಸಲು ಹೋದರೆ ಮಗಳ ಕೂದಲು ಪಟಾಕಿ ಸುಟ್ಟ ಜಾಗದಂತೆ ನಾತ ಹೊಡೆಯುತ್ತಿತ್ತು. ಜಗಲಿಯಿಂದ ಹೊಗೆ ಒಳಬಂದಿರಬೇಕು ಎಂದುಕೊಂಡಳು. ಆದರೆ ಗಾಳಿ ಆ ದಿನ ಬೀದಿಯ ಕಡೆಗೆ ಬೀಸುತ್ತಿತ್ತು, ಅದು ಅವಳಿಗೂ ಗೊತ್ತಿತ್ತು.

ನೇಯ್ದದ್ದೆಲ್ಲ ಲಾರಿಯೇರಿತು, ಹಡಗೇರಿತು. ಮಳೆಗಾಲ ಕಳೆಯಿತು. ದೀಪಾವಳಿ ಮುಗಿದ ಮೇಲೆ ಶುರುವಾಯಿತು ನೋಡಿ.

ಮೊದಲ ಸಲ ಶಂಕರಿ ರಾಗಿ ಬೀಸುತ್ತಿದ್ದಳು. ಬೀಸುಕಲ್ಲಿನ ಗೂಟ ಬಿಟ್ಟು ನೆಟ್ಟಗೆ ಕೂತಳು. ಕಣ್ಣು ತೆರೆದೇ ಇತ್ತು, ಆದರೆ ಅಲ್ಲಿ ಅವಳಿರಲಿಲ್ಲ. ಬಲಗೈ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಹಿಡಿದು, ಪಕ್ಕಕ್ಕೆ ಜಗ್ಗಿತು. ಎಲೆ ಮಡಿಸುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಮೈಯೆಲ್ಲ ಬೆವರು, ಕೂದಲಲ್ಲಿ ಅದೇ ಮದ್ದಿನ ನಾತ. ಏನಾಯಿತು ಎಂದರೆ ಉರಿ ಎಂದಳು, ಬೇರೇನೂ ಇಲ್ಲ.

ಆಮೇಲೆ ಅದು ಹೊತ್ತುಗೊತ್ತಿಲ್ಲದೆ ಬರತೊಡಗಿತು. ಕೆಲವು ವಾರ ಇಲ್ಲವೇ ಇಲ್ಲ. ಇನ್ನು ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಮೇಲಿಂದ ಮೇಲೆ. ಪ್ರತಿ ಸಲವೂ ಆ ಬಲಗೈ ಜಗ್ಗುವುದು. ಮಗ್ಗದ ರೂಢಿ, ಜ್ವರದಲ್ಲೂ ಹಗ್ಗ ಎಳೆಯುತ್ತಾಳೆ ಎಂದ ಹೊನ್ನಯ್ಯ. ಮಗಳ ತೋಳು ಸಣ್ಣಗಾಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಆಸ್ಪತ್ರೆಯ ಡಾಕ್ಟರು ಟಾನಿಕ್ ಕೊಟ್ಟರು. ಯಳಂದೂರಿನವರು ಯಾರಿಂದಲೋ ಕೇಳಿ, ಹುಡುಗಿಗೆ ಮೂರ್ಛೆ ರೋಗವೇ ಎಂದು ವಿಚಾರಿಸಿ ಹೋದರು. ಮದುವೆ ಮುರಿದರೆ ಮುರಿಯಲಿ, ಹೆಣ್ಣು ಉಳಿದರೆ ಸಾಕು ಎಂಬ ಸ್ಥಿತಿಗೆ ಮಹದೇವಮ್ಮ ಬಂದಿದ್ದಳು.

ಒಂದು ಸಲ, ಒಂದೇ ಒಂದು ಸಲ, ಶಂಕರಿ ತಾನಾಗಿ ಮಾತಾಡಿದಳು. ಅಮ್ಮನ ತೊಡೆಯ ಮೇಲೆ ಮಲಗಿ, ಅಲ್ಲಿಯವರೂ ನಮ್ಮ ಹಂಗೇ ಮಾಳಿಗೆ ಮೇಲೆ ಈರುಳ್ಳಿ ಒಣಗಾಕ್ತಾರೆ ಕಣವ್ವ, ಎಂದಳು. ಎಲ್ಲಿಯವರು ಎಂದು ಕೇಳಿದರೆ ಮುಖ ತಿರುಗಿಸಿದಳು.

ಅಷ್ಟು ಸಾಕಾಯಿತು. ತಟ್ಟೆ, ಪಟಾಕಿಯ ನಾತ, ಅರಿಶಿನದ ಎಳೆ, ಎಲ್ಲವೂ ಮಹದೇವಮ್ಮನ ತಲೆಯಲ್ಲಿ ಸಾಲಾಗಿ ಕೂತವು. ಉಡುವವರೇ ಇಲ್ಲದ ಬಟ್ಟೆಗೆ ಮಗಳ ಹೆಸರಿಟ್ಟು ಬೆಂಕಿಗೆ ಕಳಿಸಿದ್ದಳು ಅವಳು. ಅಲ್ಲೆಲ್ಲೋ ಒಂದೊಂದು ಚೀಲ ಉರಿದಾಗಲೂ ಉರಿಯುತ್ತಿದ್ದವಳು ಇಲ್ಲಿ ಅವಳ ಶಂಕರಿ. ತನ್ನ ಬಾಯನ್ನು ತಾನೇ ಬಡಿದುಕೊಂಡಳು.

ಗಂಡನಿಗೆ ಹೇಳಿದಳು. ಹೊನ್ನಯ್ಯ ನಗಲಿಲ್ಲ. ಹಾಸನ್ನೇ ಕಡಿದು ಒಲೆಗೆ ಹಾಕುತ್ತೇನೆ ಎಂದು ಕುಡುಗೋಲು ತಂದ. ಅವಳು ಕೈ ಹಿಡಿದಳು. ಮಗ್ಗದ ಎಳೆ ಕಡಿದರೆ, ಹೋದ ಬಟ್ಟೆಯ ಮೇಲಿನ ಹೆಸರು ಇನ್ನೆಂದೂ ಅಳಿಸುವುದಿಲ್ಲ. ಎಳೆ ಇರುವಾಗಲೇ ಬೇರೆ ಹೆಸರು ಹೇಳಬೇಕು.

"ಸರ್ಕಾರದ ಹೆಸ್ರೇ ಯೋಳ್ಬುಡು. ಮಾರ್ದೋರು ಅವ್ರು ತಾನೆ?" ಎಂದ ಹೊನ್ನಯ್ಯ.

"ಉಡಾಕೆ ಮೈ ಬೇಕು ಕಣ್ರಿ. ಸರ್ಕಾರಕ್ಕೆ ಮೈ ಎಲ್ಲದೆ?"

ಮರುದಿನ ಶಂಕರಿ ನೀರಿಗೆ ಹೋದದ್ದನ್ನು ನೋಡಿಕೊಂಡು, ಹೊನ್ನಯ್ಯ ಪೇಟೆಗೆ ಹೋಗಿದ್ದಾಗ, ಮಹದೇವಮ್ಮ ಬಟ್ಟಲು ಹಿಡಿದು ಮಗ್ಗದ ಮುಂದೆ ಕೂತಳು. ಪರದೇಶಿಯ ಹೆಸರು ಗೊತ್ತಿರಲಿಲ್ಲ. ಆಫೀಸರ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಚಿನ್ನಸ್ವಾಮಿಯ ಮಗಳು ಮಹಾಲಕ್ಷ್ಮಿಯ ಹೆಸರು. ಹನೂರಿನ ಅಜ್ಜಿ ಮನೆಯಲ್ಲಿದ್ದುಕೊಂಡು ಸ್ಕೂಲಿಗೆ ಹೋಗುವ, ಎರಡು ಜಡೆಯ ಹುಡುಗಿ. ಸುಳ್ಳೇಕೆ ಹೇಳಲಿ, ಆ ಹೆಸರು ಅವಳ ನಾಲಗೆಯ ತುದಿಗೆ ಬಂತು. ಮೊದಲ ಅಕ್ಷರ ಹೊರಟೂ ಬಿಟ್ಟಿತ್ತು. ಅದೇ ಅಕ್ಷರದಿಂದ ಶುರುವಾಗುವ ತನ್ನ ಹೆಸರಿತ್ತಲ್ಲ, ಅದರ ಕಡೆಗೆ ಹೊರಳಿಸಿದಳು. ಇದು ಮಹದೇವಮ್ಮ ಉಡೋದು, ಎಂದಳು. ಎಳೆ ಹಳದಿಯಾಯಿತು. ಮಗ್ಗ ಗಾಳಿಯಿಲ್ಲದೆಯೇ ಒಮ್ಮೆ ಕಿರುಗುಟ್ಟಿತು.

ಶಂಕರಿ ಆ ದಿನ ಎರಡು ಮುದ್ದೆ ಉಂಡಳು. ಅದರ ಮರುದಿನವೂ ಏನೂ ಬರಲಿಲ್ಲ. ವಾರ ಕಳೆಯಿತು. ಮಗಳು ಮಾತ್ರ ಏನನ್ನೋ ಕಾಯುವವಳಂತೆ ಬಲಗೈಯನ್ನು ಮಡಿಲಲ್ಲಿ ತಯಾರಾಗಿಟ್ಟುಕೊಂಡು ಕೂರುವಳು. ಯಾಕೆ ಹೀಗೆ ನಿಂತುಹೋಯಿತು ಎಂದು ತಾನೇ ಗಾಬರಿಯಿಂದ ಕೇಳಿದಳು. ದೇವರು ಕಣ್ಣು ಬಿಟ್ಟ ಎಂದಳು ತಾಯಿ. ಬರುವುದು ತನಗೆ ಬಂದರೆ ಉಸಿರೆತ್ತಬಾರದು, ಮಗಳಿಗೆ ಗೊತ್ತಾಗಬಾರದು ಎಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ಬಂತು. ಬಿಸಿಲು ನೆತ್ತಿಗೇರಿದ ಹೊತ್ತು, ಮನೆಯಲ್ಲಿ ಅವಳೊಬ್ಬಳೇ. ಎದೆಯೊಳಗೆ ಭಗ್ ಅಂದಿತು. ಕೂಗಬಾರದೆಂದು ಮಗ್ಗದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಉರಿ ಆರಿತು, ಆದರೆ ಅಲ್ಲಿಗೆ ಮುಗಿಯಲಿಲ್ಲ. ಅವಳು ಮೇಲೆ ಹೋಗುತ್ತಿದ್ದಳು. ಬೋಳು ಗುಡ್ಡಗಳು, ನಡುವೆ ಒಂದು ಊರು. ಮಣ್ಣಿನ ಮಾಳಿಗೆಗಳ ಮೇಲೆ ಈರುಳ್ಳಿ ಹರಡಿತ್ತು. ಬಾವಿಕಟ್ಟೆಯ ಮೇಲೆ ಒಬ್ಬ ಹುಡುಗಿ ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಳು. ಸುತ್ತ ಹೊಲದಲ್ಲೆಲ್ಲ ಗುಳಿ, ಗುಳಿಯ ಪಕ್ಕ ಗುಳಿ, ಒಂದೂ ಊರೊಳಗಿರಲಿಲ್ಲ. ಹುಡುಗಿ ತಲೆಯೆತ್ತಿ ನೋಡಿದಳು. ಓಡಲಿಲ್ಲ. ಗುರುತಿದ್ದವರನ್ನು ನೋಡುವ ಹಾಗೆ ನೋಡಿದಳು. ಅವಳ ಮುಖ ದೊಡ್ಡದಾಗುತ್ತ, ಹತ್ತಿರವಾಗುತ್ತ ಬಂತು. ಮಹದೇವಮ್ಮ ಹಲ್ಲು ಕಚ್ಚಿ ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಕಣ್ಣು ಬಿಟ್ಟಾಗ ಎದುರಿಗೆ ಶಂಕರಿ, ಕಂಕುಳಲ್ಲಿ ಕೊಡ. ಅವಳು ಮೂಗರಳಿಸಿ ಮದ್ದಿನ ನಾತ ಹಿಡಿದಳು, ಮಗ್ಗದ ಹಳದಿ ಎಳೆ ನೋಡಿದಳು, ಕಂಬ ತಬ್ಬಿದ್ದ ತಾಯಿಯ ಕೈಗಳನ್ನು ನೋಡಿದಳು.

"ಬಾವಿ ತಾವ ಒಬ್ಳು ಕೂತಿದ್ಲಾ? ತಲೆ ಬಾಚ್ಕಂಡು?"

ಮಹದೇವಮ್ಮ ಹೌದೆಂದು ತಲೆಯಾಡಿಸಿದಳು.

"ನೀನು ಎಳೀಲಿಲ್ವಾ ಅವ್ವ?"

ಏನನ್ನು ಎಂದು ಕೇಳುವ ಮೊದಲೇ ಮಹದೇವಮ್ಮನಿಗೆ ತಿಳಿಯಿತು. ಗಾಳಿಯಲ್ಲಿ ಜಗ್ಗುತ್ತಿದ್ದ ಆ ಬಲಗೈ. ಹೊಲದ ತುಂಬ ಆ ಗುಳಿಗಳು. ಇಷ್ಟು ತಿಂಗಳೂ ಮಗಳು ಒಂದೊಂದು ಗುಂಡನ್ನೂ ಲಾಳಿಯಂತೆ ಪಕ್ಕಕ್ಕೆಳೆದು ಹೊಲಕ್ಕೆ ಬೀಳಿಸಿದ್ದಳು. ತಾನು ಕಂಬ ತಬ್ಬಿದ್ದಾಗ ಹಾರಿದ ಗುಂಡು ನೆಟ್ಟಗೆ ಆ ಬಾವಿಕಟ್ಟೆಗೇ ಹೋಗಿತ್ತು. ಯಾಕೆ ಹೇಳಲಿಲ್ಲ ಮಗಾ ಎಂದಳು.

"ಯೋಳಿದ್ರೆ ನೀನು ಅನ್ನ ತಿಂತಿದ್ಯಾ," ಎಂದಳು ಶಂಕರಿ.

ಅವಳು ಕೊಡ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅರಿಶಿನದ ಬಟ್ಟಲು ತೆಗೆದುಕೊಂಡು ಮಗ್ಗದ ಮುಂದೆ ಕೂತಳು. ಸಣ್ಣಗಾದ ತೋಳಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳದ್ದಿ, ಅಂಚಿನ ಎಳೆ ಹಿಡಿದು, ಇದು ಶಂಕರಿ ಉಡೋದು ಎಂದಳು. ಮಹದೇವಮ್ಮ ಪಕ್ಕದಲ್ಲೇ ಇದ್ದಳು. ತಡೆಯಲಿಲ್ಲ.