ಚಿಕ್ಕದೇ ಮೊದಲು

ಉಪ್ಪು ಖಾರ ಸ್ವಲ್ಪ ಹೆಚ್ಚಾಗಿರಬಹುದು, ಆದರೆ ನಡೆದದ್ದನ್ನೇ ಹೇಳುತ್ತೇನೆ.

ಆಫೀಸಿನ ಹಿಂಬದಿಯ ಕೋಣೆಯಲ್ಲಿ ಕೂರುವವನಿಗೆ ಬೀಗಣ್ಣ ಎಂದು ಹೆಸರಿಟ್ಟವನು ನಾನೇ. ಮದುವೆಯಾಗದ ಅವನಿಗೆ ಬೀಗರ ಯೋಗವಿರಲಿಲ್ಲ; ಇದ್ದದ್ದು ಬೀಗಗಳಷ್ಟೇ. ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯಾದ ಕರ್ನಲ್‌ನಲ್ಲಿ ಒಂದೇ ಪಟ್ಟಿಯನ್ನು ಹಲವು ಪ್ರೊಸೆಸರ್‌ಗಳು ಒಟ್ಟಿಗೆ ತಿದ್ದಹೊರಟರೆ ಪಟ್ಟಿ ಚಿಂದಿಯಾಗುತ್ತದೆ. ತಿದ್ದುವ ಮುಂಚೆ ಬೀಗ ಹಿಡಿ, ತಿದ್ದಿದ ಮೇಲೆ ಬಿಡು ಎನ್ನುವ ಕೋಡು ಬರೆಯುವುದು ಅವನ ಕೆಲಸ. ಕೋಣೆಯಲ್ಲಿ ಎರಡು ಕುರ್ಚಿ. ಎರಡನೆಯದರಲ್ಲಿ ಅವನ ಚೀಲ ಕೂರುತ್ತಿತ್ತು. ಊಟದ ಡಬ್ಬಿಯನ್ನೂ ಪರದೆಯ ಎದುರೇ ಬಿಚ್ಚುತ್ತಿದ್ದ.

ಆ ವಾರ ಟೆಸ್ಟ್ ಮೆಷಿನ್ ಪದೇ ಪದೇ ಕಲ್ಲಾಗುತ್ತಿತ್ತು. ಒಂದು ಕಡೆಯ ಕೋಡು ಮೊದಲ ಪಟ್ಟಿಯ ಬೀಗ ಹಿಡಿದು ಎರಡನೆಯದಕ್ಕೆ ಕಾಯುತ್ತಿತ್ತು. ಇನ್ನೊಂದು ಕಡೆಯದು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ. ಯಾರೂ ಬಿಡುವಂತಿಲ್ಲ. ಮೆಮೊರಿಯಲ್ಲಿ ವಿಳಾಸದ ಸಂಖ್ಯೆ ಚಿಕ್ಕದಿರುವ ಬೀಗವನ್ನೇ ಎಲ್ಲರೂ ಮೊದಲು ಹಿಡಿಯಬೇಕು ಎಂದು ಬೀಗಣ್ಣ ನಿಯಮ ಹಾಕಿದ. "ಚಿಕ್ಕದೇ ಮೊದಲು" ಎಂದು ಬರೆದು ಗೋಡೆಗೂ ಅಂಟಿಸಿದ. ಮೆಷಿನ್ ಓಡಿತು.

ಓಡದೆ ನಿಂತದ್ದು ಅವನ ಅಕ್ಕನ ವಿಷಯ. ತನ್ನವರೆಂದು ಇದ್ದವಳು ಅವಳೊಬ್ಬಳೇ. ಅವಳ ಆಪರೇಷನ್ನಿನ ದಿನ ಕೋಡಿನಲ್ಲಿದ್ದ ಯಾವುದೋ ಬಗ್ ಸರಿಮಾಡಲು ಆಸ್ಪತ್ರೆಯಿಂದ ಎದ್ದು ಬಂದಿದ್ದ. ಅವಳು ಬೈದಳು, ಇವನೂ ಬೈದ. ಎಂಟು ತಿಂಗಳಿಂದ ಫೋನಿಲ್ಲ. ಅವಳೇ ಮಾಡಲಿ ಎನ್ನುತ್ತಿದ್ದ; ಮೊಬೈಲನ್ನು ಮಾತ್ರ ಕೀಬೋರ್ಡಿನ ಪಕ್ಕದಿಂದ ಕದಲಿಸುತ್ತಿರಲಿಲ್ಲ. ಒಮ್ಮೆ ಅವನ ಭಾವ ಆಫೀಸಿಗೆ ಫೋನ್ ಮಾಡಿದಾಗ ಎತ್ತಿದವನು ನಾನು. ಅಕ್ಕನದೂ ಅದೇ ರಾಗವಂತೆ: ಅವನೇ ಮಾಡಲಿ.

ಮ್ಯಾನೇಜರರ ಕೆಮ್ಮಿನಿಂದ ಹಿಡಿದು ಲಿಫ್ಟಿನೊಳಗಿನ ಹೆಣ್ಣುದನಿಯವರೆಗೆ ಎಲ್ಲವನ್ನೂ ಅನುಕರಿಸುವವನು ನಾನು. ಈ ಸಲ ಬೀಗಗಳನ್ನು ಪರೀಕ್ಷಿಸುವ ಪ್ರೋಗ್ರಾಮಿನ ಒಣ ಧಾಟಿಯನ್ನೇ ಕದ್ದು, ಅದು ಮಧ್ಯಾಹ್ನ ಅವನಿಗೆ ಕಳಿಸುವ ವರದಿಯ ಕೊನೆಗೆ ಸೇರಿಸಿದೆ:

"ಎಚ್ಚರಿಕೆ. ಅಕ್ಕನ ಫೋನಿಗೆ ತಮ್ಮ, ತಮ್ಮನ ಫೋನಿಗೆ ಅಕ್ಕ ಕಾಯುತ್ತಿದ್ದಾರೆ. ಅವಧಿ: ಎಂಟು ತಿಂಗಳು. ಪರಿಹಾರ: ಗೋಡೆ ನೋಡಿ."

ಬಾಗಿಲ ಸಂದಿಯಲ್ಲಿ ನಿಂತು ಇಣುಕಿದೆ. ಓದಿದ. ಗೋಡೆ ನೋಡಿದ. ಮತ್ತೆ ಪರದೆ ನೋಡಿದ. ಅತಿಯಾಯಿತೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿದೆ.

"ಒಳಗೆ ಬಾರೋ, ಮಂಗ," ಎಂದ, ತಿರುಗದೆಯೇ. ಚೀಲ ಇಳಿಸಿ ಕುರ್ಚಿಯನ್ನು ನನ್ನತ್ತ ತಳ್ಳಿದ. ನಂಬರ್ ಒತ್ತಿ ಸ್ಪೀಕರ್ ಹಾಕಿದ.

"ಅಕ್ಕಾ, ನಾನು. ಅವತ್ತು ಎದ್ದು ಬಂದಿದ್ದು ತಪ್ಪಾಯ್ತು."

ಆಚೆಯಿಂದ ಅಕ್ಕ, "ಇಷ್ಟು ಸಣ್ಣ ಬಗ್ ಹುಡುಕೋಕೆ ಎಂಟು ತಿಂಗಳು ಬೇಕಾಯ್ತೇನೋ? ನಿಂಗೆ ಕೆಲ್ಸ ಕೊಟ್ಟೋರು ಯಾರೋ?"

ನಾನು ನಕ್ಕೆ, ಅಕ್ಕನೂ ನಕ್ಕಳು. ನಮ್ಮಿಬ್ಬರನ್ನೂ ಮುಳುಗಿಸಿ ನಕ್ಕವನು ಬೀಗಣ್ಣ. ಆ ಕೋಣೆಯಿಂದ ಇದೆಂಥ ಸದ್ದು ಎಂದು ಆಫೀಸಿಗೆ ಆಫೀಸೇ ಎದ್ದು ನಿಂತಿತು.