ಹದಿನೆಂಟು ಸೆಕೆಂಡಿನ ಅಲೆ

ಹರಿಪ್ರಸಾದನ ಬಳಿ ಎರಡು ಬಗೆಯ ಹವಾಮಾನವಿತ್ತು. ಒಂದು ಜರ್ಮನಿಯ ಉಂಟರ್‌ಫ್ಯೋರಿಂಗ್ ಎಂಬ ಊರಿನ ಆಫೀಸಿನದು, ಇನ್ನೊಂದು ಮನೆಯದು. ಮಾಲ್ಡೀವ್ಸ್ ದ್ವೀಪಗಳ ಸುತ್ತಲಿನ ಗಾಳಿ, ಮಳೆ, ಅಲೆಯ ಎತ್ತರ ಲೆಕ್ಕ ಹಾಕಿ ದಿನಕ್ಕೊಂದು ಬುಲೆಟಿನ್ ಬರೆಯುವುದು ಅವನ ಕೆಲಸ. ಅಲ್ಲಿನ ರೆಸಾರ್ಟಿನವರು, ದೋಣಿಯವರು ಅದನ್ನು ನೋಡಿಯೇ ಮರುದಿನ ಲಂಗರು ಎತ್ತುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದಂಕಿಯನ್ನೂ ಹಿಗ್ಗಿಸಿದವನಲ್ಲ.

ಮನೆಯಲ್ಲಿ ಮಾತ್ರ ಕಥೆಯೇ ಬೇರೆ. ಮಳೆಯ ಸಾಧ್ಯತೆ ಶೇಕಡ ಮೂವತ್ತಿದ್ದರೆ ಮಗಳು ಇಳಾಗೆ ಅರವತ್ತು ಎನ್ನುತ್ತಿದ್ದ, ಮಗು ಛತ್ರಿ ಒಯ್ಯಲಿ ಅಂತ. ಮೈನಸ್ ಮೂರರ ಚಳಿ ಅವನ ಬಾಯಲ್ಲಿ ಮೈನಸ್ ಆರಾಗುತ್ತಿತ್ತು. ಮಗಳೇನು ದಡ್ಡಿಯೇ? ಹತ್ತು ವರ್ಷ ತುಂಬುವಷ್ಟರಲ್ಲಿ ಅಪ್ಪ ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವುದು ಅವಳಿಗೆ ರೂಢಿಯಾಗಿತ್ತು.

ಈಗ ಇಳಾಗೆ ಇಪ್ಪತ್ತನಾಲ್ಕು. ಕಲೋನ್ ಯೂನಿವರ್ಸಿಟಿಯಿಂದ ಹವಳದ ಅಧ್ಯಯನಕ್ಕೆಂದು ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪಕ್ಕೆ ಹೋಗಿ ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಆರು ಜನ ಒಂದು ಬೋಟಿನಲ್ಲಿ ಹವಳದ ದಿಬ್ಬದ ನಡುವಿನ ಸಂದಿಯಿಂದ ಹೊರಸಮುದ್ರಕ್ಕೆ ಹೋಗುತ್ತಿದ್ದರು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಹರಿಪ್ರಸಾದನ ಸ್ಕ್ರೀನಿನಲ್ಲಿ ಮರುದಿನದ ನಕ್ಷೆಯ ದ್ವೀಪಗಳೆಲ್ಲ ಹಸಿರಾಗಿದ್ದವು, ಅಂದರೆ ಅಪಾಯವಿಲ್ಲ. ಗಾಳಿ ಇಲ್ಲವೆನ್ನುವಷ್ಟು ಕಡಿಮೆ, ಆಕಾಶ ಶುಭ್ರ, ಅಲೆ ಒಂದು ಪಾಯಿಂಟ್ ಒಂದು ಮೀಟರ್. ಬಣ್ಣ ನಿರ್ಧಾರವಾಗುವುದು ಎತ್ತರದಿಂದ ಮಾತ್ರ. ಆದರೆ ಮೂಲೆಯ ಸಣ್ಣ ಅಂಕಿ ಬೇರೇನೋ ಹೇಳುತ್ತಿತ್ತು: ಒಂದು ಅಲೆಗೂ ಮುಂದಿನದಕ್ಕೂ ಹದಿನೆಂಟು ಸೆಕೆಂಡಿನ ಅಂತರ. ದೂರದ ದಕ್ಷಿಣದಲ್ಲಿ ವಾರದ ಹಿಂದೆ ಎದ್ದ ಬಿರುಗಾಳಿಯ ಅಲೆ ಅದು, ಸ್ವೆಲ್ ಎನ್ನುತ್ತಾರೆ. ಆಳದ ನೀರಿನಲ್ಲಿ ದೋಣಿಯವರಿಗೆ ಗೊತ್ತೂ ಆಗದಂತೆ ದೋಣಿಯಡಿ ಸರಿದುಹೋಗುತ್ತದೆ. ಹವಳದ ಸಂದಿಗೆ ಬಂದಾಗ ಎದ್ದು ನಿಲ್ಲುತ್ತದೆ, ಅಂತರ ಹೆಚ್ಚಿದ್ದಷ್ಟೂ ಎತ್ತರಕ್ಕೆ.

ಅವನು ಮಗಳಿಗೆ ಫೋನ್ ಮಾಡಿದ.

"ಇಳಾ, ನಾಳೆ ಬೋಟ್ ಹತ್ತಬೇಡ ಕಣಮ್ಮ. ಸ್ವೆಲ್ ಬರ್ತಿದೆ."

"ಎಷ್ಟು?"

"ಎರಡು ಮೀಟರ್ ಮೇಲೇ ಅಂತ ಇಟ್ಕೋ." ಹಳೆಯ ಚಾಳಿ, ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಅಂದ್ರೆ ಒಂದು," ಎಂದು ಇಳಾ ನಕ್ಕಳು. "ಒಂದು ಮೀಟರ್ ಡೈಲಿ ಇರತ್ತಪ್ಪ. ಮ್ಯಾಪ್ ಗ್ರೀನ್ ಇದೆ, ನಾನೂ ನೋಡ್ದೆ. ನಮ್ ಕ್ಯಾಪ್ಟನ್ ನಿಮ್ ಬುಲೆಟಿನ್ ಬಿಟ್ರೆ ಯಾರ ಮಾತೂ ಕೇಳಲ್ಲ. ಪಾಪಾ, ಡು ಯುಬರ್‌ಟ್ರೈಬ್ಸ್ಟ್." ಅತಿ ಮಾಡ್ತೀಯ ಅಂತ. ಸಿಟ್ಟು ಬಂದಾಗಲೂ ಮುದ್ದು ಬಂದಾಗಲೂ ಅವಳಿಗೆ ಜರ್ಮನ್ನೇ ಬರುತ್ತಿತ್ತು.

ಫೋನ್ ಇಟ್ಟ ಮೇಲೆ ಅವನಿಗೆ ನಾಚಿಕೆಯಾಯಿತು. ಮಗಳ ಲೆಕ್ಕ ತಪ್ಪಿರಲಿಲ್ಲ. ಅರ್ಧ ಕಳೆದು ಸರಿಯಾದ ಅಂಕಿಗೇ ಬಂದು ನಿಂತಿದ್ದಳು. ಇನ್ನು ಅಪ್ಪನಾಗಿ ಏನು ಹೇಳಿದರೂ ಪ್ರಯೋಜನವಿರಲಿಲ್ಲ.

ಅವನು ಬುಲೆಟಿನ್ನಿನ ಕೆಳಗಿನ ಖಾಲಿ ಜಾಗದಲ್ಲಿ ಬರೆದ: ಎತ್ತರ ಒಂದು ಪಾಯಿಂಟ್ ಒಂದು ಮೀಟರ್, ಅಂತರ ಹದಿನೆಂಟು ಸೆಕೆಂಡು, ಭಾನುವಾರ ಹವಳದ ಸಂದಿಗಳನ್ನು ದಾಟಬೇಡಿ. ಹೀಗೆ ಕೈಯಾರೆ ಎಚ್ಚರಿಕೆ ಸೇರಿಸಿದರೆ ಇನ್ನೊಬ್ಬರ ಸಹಿ ಬೇಕು. ಪಕ್ಕದ ಮೇಜಿನ ಅನೂಪ್ ಡ್ಯೂಟಿಯಲ್ಲಿದ್ದ. ದಾವಣಗೆರೆ ಕಡೆಯ ಹುಡುಗ, ರೂಲ್ಸಿನ ವಿಷಯದಲ್ಲಿ ಜರ್ಮನ್ನರಿಗಿಂತ ಒಂದು ಕೈ ಮೇಲು.

ಅನೂಪ್ ಎರಡು ಸಲ ಓದಿದ. "ಅರವತ್ತು ಎಪ್ಪತ್ತು ಬೋಟು ನಿಲ್ತಾವೆ ಸಾರ್. ಒಂದು ಮಾತು ಕೇಳ್ಲಾ? ಇಳಾ ಅಲ್ಲಿ ಇಲ್ದೇ ಇದ್ದಿದ್ರೆ ಇದನ್ನ ಬರೀತಿದ್ರಾ?"

ಹರಿಪ್ರಸಾದನಿಗೆ ರೇಗಿತು. ಪ್ರಶ್ನೆ ಸರಿಯಾಗಿದ್ದದ್ದಕ್ಕೇ ರೇಗಿತು. ಹಳೆಯ ಬುಲೆಟಿನ್ ಒಂದನ್ನು ತೆಗೆದು ತೋರಿಸಿದ. ಮೂರು ವರ್ಷದ ಹಿಂದಿನ ಏಪ್ರಿಲ್. ಒಂದು ಮೀಟರ್, ಹದಿನೆಂಟು ಸೆಕೆಂಡು, ಹಸಿರು, ಕೆಳಗಿನ ಜಾಗ ಖಾಲಿ. ಆ ದಿನ ಒಂದು ಮೀನುದೋಣಿ ಸಂದಿಯಲ್ಲಿ ಮಗುಚಿ ಇಬ್ಬರು ವಾಪಸ್ ಬರಲಿಲ್ಲ. ಎತ್ತರ ಸರಿಯಾಗಿಯೇ ಹೇಳಿದ್ದೆನಲ್ಲ ಎಂದುಕೊಂಡು ಅವನು ಮನೆಗೆ ಹೋಗಿ ಊಟ ಮಾಡಿದ್ದ.

"ಇಲ್ಲ," ಎಂದ. "ಬರೀತಿರಲಿಲ್ಲ. ಆವತ್ತೂ ಬರೀಲಿಲ್ಲ. ಬರೀಬೇಕಿತ್ತು."

ಅನೂಪ್ ಎರಡೂ ಬುಲೆಟಿನ್ನುಗಳ ಅಂಕಿ ಹೋಲಿಸಿ ಸಹಿ ಹಾಕಿದ. ಬುಲೆಟಿನ್ ಹೋಯಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಲ್ಲಿ ಹನ್ನೊಂದು, ಇಳಾ ವಿಡಿಯೊ ಕಾಲ್ ಮಾಡಿದಳು. ಅವಳ ಹಿಂದೆ ಒಂದು ಮೋಡವೂ ಇಲ್ಲದ ಆಕಾಶ. ಅದರ ಕೆಳಗೆ ದೋಣಿಕಟ್ಟೆಯ ಹಲಗೆಗಳು ಮುಳುಗಿದ್ದವು, ಬೋಟು ಹಗ್ಗ ಜಗ್ಗುತ್ತಿತ್ತು. ದೂರದಲ್ಲಿ ಸಂದಿ ಇರಬೇಕಾದಲ್ಲಿ ಬಿಳಿ ನೊರೆ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಹರಿಪ್ರಸಾದ ತನಗರಿವಿಲ್ಲದೆ ಎಣಿಸಿದ. ಹದಿನೆಂಟು.

"ನಾವು ದಿನದ ಹಾಗೆ ಇಲ್ಲಿನ ಎಂಟಕ್ಕೆ ಹೋಗಿದ್ರೆ ಈಗ ಕರೆಕ್ಟಾಗಿ ಅಲ್ಲೇ ವಾಪಸ್ ಬರ್ತಿದ್ವಿ," ಎಂದಳು ಇಳಾ. "ಕ್ಯಾಪ್ಟನ್ ನಿಂಗೆ ಥ್ಯಾಂಕ್ಸ್ ಹೇಳು ಅಂದ. ಮೂರು ವರ್ಷದ ಹಿಂದೆ ಅವನ ತಮ್ಮ ಇಂಥ ದಿನಾನೇ ಹೋದನಂತೆ. ಅಪ್ಪ, ಇಂಥ ಅಲೆ ಬಂದಾಗೆಲ್ಲ ನೀನು ಹೀಗೆ ಬರೀತೀಯಾ?"

ಸ್ವಲ್ಪ ಹಿಗ್ಗಿಸಿ ಹೇಳಬಹುದಿತ್ತು. ಸಾಮಾನ್ಯವಾಗಿ ಬರೀತೀನಮ್ಮ, ಎಂದರೆ ಸಾಕಿತ್ತು.

"ಇಲ್ಲ," ಎಂದ ಹರಿಪ್ರಸಾದ. "ಇದೇ ಮೊದಲ ಸಲ."

ಈ ಸಲ ಇಳಾ ಅಪ್ಪನ ಮಾತಿನಲ್ಲಿ ಏನನ್ನೂ ಕಳೆಯಲಿಲ್ಲ.